ವಾದಪತ್ರದ ತಿದ್ದುಪಡಿ ಮತ್ತು ಕಾಸರಗೋಡಿನ ಕನ್ನಡ ಕಕ್ಷಿದಾರರು: ಒಂದು ಬಹಿರಂಗ ಪತ್ರ

ಕಾಸರಗೋಡಿನ ಮಾನ್ಯ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ,
ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗಳಿಗೆ,
ಹಾಗೂ ಕಾಸರಗೋಡು ಮತ್ತು ಹೊಸದುರ್ಗದ ವಕೀಲ ವೃಂದಕ್ಕೆ

ವಿಷಯ: ಸಿವಿಲ್ ದಾವೆಗಳಲ್ಲಿ ವಾದಿಯ ವಾದಪತ್ರ ಮತ್ತು ಅದಕ್ಕೆ ಪ್ರತಿವಾದಿ ಕೊಡುವ ಉತ್ತರವಾದ ಲಿಖಿತ ಹೇಳಿಕೆಗಳ ತಿದ್ದುಪಡಿಗೆ ಅನುಮತಿ ಕೋರುವ ಅರ್ಜಿಗಳು, ಕನ್ನಡ ಮಾತ್ರ ಓದಬಲ್ಲ ಕಕ್ಷಿದಾರರಿಗೆ ವಿಚಾರಣೆ ಆರಂಭವಾಗುವ ಮೊದಲೇ ತಮ್ಮ ದಾವೆಯ ಕಾಗದಗಳಲ್ಲಿ ಏನಿದೆ ಎಂದು ತಿಳಿಸುವ ವ್ಯವಸ್ಥೆ.

ಮಾನ್ಯರೇ,

ನಾನು ಮಂಜೇಶ್ವರ ತಾಲೂಕಿನವನು. ಕಾಸರಗೋಡಿನ ನ್ಯಾಯಾಲಯಗಳಲ್ಲಿ ವಕೀಲರ ಗುಮಾಸ್ತನಾಗಿ ದುಡಿದು ಈಗ ನಿವೃತ್ತನಾಗಿದ್ದೇನೆ. ವಾದಪತ್ರದ ಕರಡನ್ನು ಟೈಪು ಮಾಡಿಸುವುದು, ಆಸ್ತಿಯ ವಿವರ ಕೊಡುವ ಷೆಡ್ಯೂಲಿಗೆ ಬೇಕಾದ ಸರ್ವೆ ನಂಬ್ರ ಮತ್ತು ಚಕ್ಕುಬಂದಿಗಳನ್ನು (ನಾಲ್ಕು ದಿಕ್ಕಿನ ಗಡಿಗಳನ್ನು) ಹಳೆಯ ಆಧಾರಗಳಿಂದ, ಅಂದರೆ ಆಸ್ತಿ ಪತ್ರಗಳಿಂದ, ಹುಡುಕಿ ಕೊಡುವುದು, ಕಕ್ಷಿದಾರರ ಸಹಿ ಹಾಕಿಸುವುದು, ವಾಯಿದೆಯ ದಿನವನ್ನು ಅವರಿಗೆ ನೆನಪಿಸುವುದು ನನ್ನ ಕೆಲಸವಾಗಿತ್ತು. ಈ ಪತ್ರವು ಯಾವುದೇ ಒಂದು ದಾವೆಗೆ ಸಂಬಂಧಿಸಿದ್ದಲ್ಲ; ಇತ್ಯರ್ಥಕ್ಕೆ ಬಾಕಿ ಇರುವ ಪ್ರಕರಣದಲ್ಲಿ ಹೀಗೆ ತೀರ್ಪು ಕೊಡಿ, ಹಾಗೆ ಕೊಡಿ ಎಂದು ಹೇಳುವ ಉದ್ದೇಶವೂ ನನಗಿಲ್ಲ. ತಿದ್ದುಪಡಿ ಅರ್ಜಿಗಳು ತಡವಾಗಿ ಬರುತ್ತವೆ ಎಂಬ ದೂರು ನ್ಯಾಯಾಲಯದ್ದು. ತಡವಾಯಿತೆಂದು ತಳ್ಳಿಹಾಕಿದರು ಎಂಬ ದೂರು ಕಕ್ಷಿದಾರರದ್ದು. ಈ ಎರಡು ದೂರುಗಳ ನಡುವೆ ಇರುವ, ಸುಲಭವಾಗಿ ಸರಿಪಡಿಸಬಹುದಾದ ಒಂದು ಕೊರತೆಯನ್ನು ತಮ್ಮ ಗಮನಕ್ಕೆ ತರುವುದಷ್ಟೇ ನನ್ನ ಉದ್ದೇಶ.

ವಕೀಲರಿಗೆ ಗೊತ್ತಿರುವ ಸಂಗತಿಯನ್ನೇ ಸಾಮಾನ್ಯ ಓದುಗರ ಸಲುವಾಗಿ ಒಂದಿಷ್ಟು ವಿವರಿಸಬೇಕಾಗಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 17ರ ಪ್ರಕಾರ ವಾದಿಯಾಗಲಿ ಪ್ರತಿವಾದಿಯಾಗಲಿ ತಾನು ಮೊದಲು ಸಲ್ಲಿಸಿದ ವಾದವನ್ನು ತಿದ್ದಲು ದಾವೆಯ ಯಾವ ಹಂತದಲ್ಲಾದರೂ ನ್ಯಾಯಾಲಯದ ಅನುಮತಿ ಕೇಳಬಹುದು. ಪಕ್ಷಗಳ ನಡುವಿನ ನಿಜವಾದ ವಿವಾದವನ್ನು ತೀರ್ಮಾನಿಸಲು ಅಗತ್ಯವಾದ ತಿದ್ದುಪಡಿಗಳಿಗೆಲ್ಲ, ನ್ಯಾಯವೆನಿಸುವ ಷರತ್ತುಗಳೊಂದಿಗೆ, ಅವಕಾಶ ನೀಡತಕ್ಕದ್ದು. ನಿಯಮದ ಮೂಲ ಆಶಯ ಇಷ್ಟು ಉದಾರವಾದದ್ದು. ಆದರೆ ಇದೇ ಉದಾರತೆಯನ್ನು ಹಿಡಿದು ದಾವೆಯನ್ನು ವರ್ಷಗಟ್ಟಲೆ ಎಳೆಯುವವರು ಹೆಚ್ಚಿದ್ದರಿಂದ 1999ರ ತಿದ್ದುಪಡಿ ಕಾಯ್ದೆಯು ಈ ನಿಯಮವನ್ನೇ ಕಿತ್ತುಹಾಕಲು ಹೊರಟಿತ್ತು. ದೇಶದಾದ್ಯಂತ ವಕೀಲರ ವಿರೋಧ ಎದ್ದ ಬಳಿಕ 2002ರ ಕಾಯ್ದೆ ಅದನ್ನು ಉಳಿಸಿಕೊಂಡಿತಾದರೂ ಕೆಳಗೊಂದು ಷರತ್ತನ್ನು ಸೇರಿಸಿತು. 2002ರ ಜುಲೈ 1ರಿಂದ ಜಾರಿಯಲ್ಲಿರುವ ಆ ಷರತ್ತಿನ ಪ್ರಕಾರ, ವಿಚಾರಣೆ, ಅಂದರೆ ಸಾಕ್ಷ್ಯದ ಹಂತ, ಆರಂಭವಾದ ಮೇಲೆ ಬರುವ ತಿದ್ದುಪಡಿ ಅರ್ಜಿಯನ್ನು ಒಪ್ಪಬೇಕಾದರೆ, ಯುಕ್ತ ಜಾಗರೂಕತೆ ವಹಿಸಿದ್ದರೂ ಆ ವಿಷಯವನ್ನು ಅದಕ್ಕೆ ಮೊದಲು ಎತ್ತಲು ಆ ಪಕ್ಷಕ್ಕೆ ಸಾಧ್ಯವಿರಲಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು.

ಈ ಷರತ್ತನ್ನು ನಾನು ದೂಷಿಸುವವನಲ್ಲ. ವಾದ ಮಂಡನೆಗೆ ದಿನ ನಿಗದಿಯಾದ ಹಿಂದಿನ ಸಂಜೆ ತಿದ್ದುಪಡಿ ಅರ್ಜಿಯೊಂದನ್ನು ಹೊಸೆದು, ಮರುದಿನ ಎದುರು ಪಕ್ಷದ ವಯಸ್ಸಾದ ಕಕ್ಷಿದಾರರನ್ನು ಬರಿಗೈಯಲ್ಲಿ ಬಸ್ಸು ಹತ್ತಿಸಿ ಕಳುಹಿಸುವ ಜಾಣತನವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂತಹ ಅರ್ಜಿಗಳಿಗೆ ಖರ್ಚು ಹಾಕಿ ವಜಾ ಮಾಡಿದ ನ್ಯಾಯಾಧೀಶರ ಬಗ್ಗೆ ನನಗೆ ಗೌರವವಿದೆ. ಆದರೆ ಯುಕ್ತ ಜಾಗರೂಕತೆ ಎಂಬ ಅಳತೆಗೋಲು ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಂಡು ಹೊರಡುತ್ತದೆ: ಕಕ್ಷಿದಾರನಿಗೆ ತನ್ನ ವಾದಪತ್ರದಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎಂಬುದು ತಿಳಿದಿದೆ ಎಂಬುದನ್ನು. ಕಾಸರಗೋಡಿನಲ್ಲಿ ನಾನು ಪ್ರಶ್ನಿಸುವುದು ಈ ಊಹೆಯನ್ನು.

1956ರ ನವೆಂಬರ್ 1ರ ವರೆಗೆ ಈ ನೆಲ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆ ಕಾಲದ ಪಾಲುಪಟ್ಟಿ, ಮೂಲಗೇಣಿ (ಶಾಶ್ವತ ಗೇಣಿ) ಚೀಟು, ಕ್ರಯಪತ್ರ, ದಾನಪತ್ರಗಳು ಬಹುಪಾಲು ಕನ್ನಡದಲ್ಲಿವೆ. ಚಂದ್ರಗಿರಿಯಿಂದ ಉತ್ತರಕ್ಕೆ ಮಂಜೇಶ್ವರದ ವರೆಗೆ ಮನೆಯಲ್ಲಿ ತುಳುವನ್ನೋ ಹವ್ಯಕ ನುಡಿಯನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡುವ ಎಷ್ಟೋ ಹಿರಿಯರು ಓದಲು ಬರೆಯಲು ಕಲಿತದ್ದು ಕನ್ನಡವನ್ನು ಮಾತ್ರ. ಇವರು ದಾವೆ ಹೂಡಿದಾಗ ಕೈಯಲ್ಲಿರುವ ಆಧಾರ ಕನ್ನಡದಲ್ಲಿರುತ್ತದೆ. ವಕೀಲರ ಬಳಿ ಸಂಗತಿಯನ್ನು ಹೇಳುವುದು ತುಳುವಿನಲ್ಲೋ ಕನ್ನಡದಲ್ಲೋ. ವಾದಪತ್ರ ಸಿದ್ಧವಾಗುವುದು ಇಂಗ್ಲಿಷಿನಲ್ಲಿ. ಎದುರು ಪಕ್ಷದ ಲಿಖಿತ ಹೇಳಿಕೆ ಬರುವುದು ಇಂಗ್ಲಿಷಿನಲ್ಲಿ ಇಲ್ಲವೇ ಮಲಯಾಳದಲ್ಲಿ. ಸಪ್ತಭಾಷಾ ಸಂಗಮ ಭೂಮಿ ಎಂದು ನಮ್ಮ ಜಿಲ್ಲೆಯನ್ನು ವೇದಿಕೆಗಳಲ್ಲಿ ಹೊಗಳುವುದನ್ನು ಕೇಳಿ ಸಂತೋಷಪಡುವವರಲ್ಲಿ ನಾನೂ ಒಬ್ಬ. ಆದರೆ ಆ ಸಂಗಮವು ವಕೀಲರ ಕಚೇರಿಯ ಹೊಸ್ತಿಲನ್ನು ದಾಟಿ ವಾದಪತ್ರದ ಒಳಗೆ ಬಂದದ್ದನ್ನು ಕಂಡಿಲ್ಲ.

ವಾದಪತ್ರದ ಕೊನೆಯ ಪುಟದಲ್ಲಿ ಸತ್ಯಾಪನೆಯ ನಾಲ್ಕು ಸಾಲು ಇರುತ್ತದೆ. ಇಂತಿಂತಹ ಕಂಡಿಕೆಗಳು ನನ್ನ ಸ್ವಂತ ತಿಳಿವಳಿಕೆಯಿಂದ ಸತ್ಯ, ಇಂತಿಂತಹವು ದೊರೆತ ಮಾಹಿತಿಯಿಂದ ಸತ್ಯವೆಂದು ನಂಬಿದ್ದೇನೆ ಎಂದು ಅಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅದರ ಕೆಳಗೆ ಕಕ್ಷಿದಾರ, ತನ್ನ ಮನೆತನದ ಹೆಸರನ್ನೂ ಸೇರಿಸಿ, ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡುತ್ತಾನೆ. ಆದೇಶ 6, ನಿಯಮ 15 ಕೇಳುವುದು ಈ ಸಹಿಯನ್ನು. 2002ರ ಬಳಿಕ ಇದರ ಜೊತೆಗೆ ಪ್ರಮಾಣಪತ್ರವೂ ಬೇಕು. ಒಳ್ಳೆಯ ವಕೀಲರು ಸಾರಾಂಶವನ್ನು ಬಾಯಿಮಾತಿನಲ್ಲಿ ತಿಳಿಸುತ್ತಾರೆ. ಸಾರಾಂಶದಲ್ಲಿ ‘ನಿಮ್ಮ ಜಾಗಕ್ಕೆ ಅವರು ಬಾರದಂತೆ ತಡೆ ಕೇಳಿದ್ದೇವೆ’ ಎಂಬಷ್ಟು ಇರುತ್ತದೆಯೇ ಹೊರತು ಷೆಡ್ಯೂಲಿನ ಚಕ್ಕುಬಂದಿಯನ್ನು ಸಾಲುಸಾಲಾಗಿ ಓದಿ ಹೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ಈಗ ಎಲ್ಲವೂ ಇ-ಫೈಲಿಂಗ್ ಆಗಿರುವುದರಿಂದ ಕಾಗದದ ಪೂರ್ತಿ ಕಟ್ಟು ಕಕ್ಷಿದಾರನ ಕೈಗೆ ಬರುವುದೂ ಕಡಿಮೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಮಾದರಿಯನ್ನು ಮುಂದಿಡುತ್ತೇನೆ. ಇದು ಯಾವುದೇ ಒಂದು ಮನೆಯ ಕತೆಯಲ್ಲ. ಬಾಯಾರು, ಪಡ್ರೆ, ಎಣ್ಮಕಜೆಗಳ ಗುಡ್ಡದ ಬದಿಯಲ್ಲಿ ಅಡಿಕೆ ತೋಟ ಇರುವವರು ಯಾರೂ ಊಹಿಸಬಹುದಾದದ್ದು. ಎರಡು ಪಾಲುದಾರರ ತೋಟಕ್ಕೆ ನೀರು ಬರುವುದು ಮೇಲಿನ ಮುರಕಲ್ಲು ಗುಡ್ಡದಲ್ಲಿ ಅಡ್ಡಕ್ಕೆ ಕೊರೆದ ಸುರಂಗದಿಂದ. ಹಳೆಯ ಪಾಲುಪಟ್ಟಿಯಲ್ಲಿ, ಸುರಂಗ ಒಬ್ಬನ ಪಾಲಿಗೆ ಬಂದ ಜಾಗದಲ್ಲಿದ್ದರೂ ಅದರ ನೀರನ್ನು ಇಬ್ಬರೂ ದಿನ ಬಿಟ್ಟು ದಿನ ತಿರುಗಿಸಿಕೊಳ್ಳತಕ್ಕದ್ದೆಂದೂ, ನೀರಿನ ಕಣಿಯನ್ನು (ಕಾಲುವೆಯನ್ನು) ಇಬ್ಬರೂ ಸೇರಿ ಹೂಳೆತ್ತತಕ್ಕದ್ದೆಂದೂ ಬರೆದಿದೆ. ಮುಂದಿನ ತಲೆಮಾರಿನಲ್ಲಿ ಮೇಲಿನವರು ಕಣಿಯನ್ನು ಮುಚ್ಚುತ್ತಾರೆ. ಕೆಳಗಿನವರು ವಕೀಲರಲ್ಲಿಗೆ ಬರುತ್ತಾರೆ. ಬೇಸಗೆಯ ತುರ್ತಿನಲ್ಲಿ ಒಂದೇ ದಿನದಲ್ಲಿ ವಾದಪತ್ರ ತಯಾರಾಗುತ್ತದೆ. ಷೆಡ್ಯೂಲಿಗೆ ಸರ್ವೆ ನಂಬ್ರವನ್ನು ತೀರ್ವೆ (ಭೂಕಂದಾಯ) ರಶೀದಿಯಿಂದ ಎತ್ತಿಕೊಳ್ಳಲಾಗುತ್ತದೆ. ಪಾಲುಪಟ್ಟಿಯ ನಕಲನ್ನು ಒಂದು ದಾಖಲೆಯೆಂದು ಲಗತ್ತಿಸಲಾಗುತ್ತದೆ. ಕೇಳಿದ ಪರಿಹಾರ, ವಾದಿಯ ಜಾಗಕ್ಕೆ ಅತಿಕ್ರಮ ಪ್ರವೇಶ ಮಾಡದಂತೆ ಮತ್ತು ವಾದಿಯ ಜಾಗದಲ್ಲಿರುವ ನೀರಿನ ಕಣಿಗೆ ಅಡ್ಡಿ ಮಾಡದಂತೆ ಶಾಶ್ವತ ನಿರ್ಬಂಧಕಾಜ್ಞೆ.

ಮುಚ್ಚಿದ ಕಣಿ ಇರುವುದು ಎದುರಿನವರ ಜಾಗದಲ್ಲಿ. ವಾದಿಗೆ ಬೇಕಾದದ್ದು ಇನ್ನೊಬ್ಬರ ಜಾಗದಿಂದ ನೀರು ತರುವ ಹಕ್ಕಿನ ಘೋಷಣೆ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಪ್ರಕಾರ ಆ ಹಕ್ಕು ಪಾಲುಪಟ್ಟಿಯ ಒಪ್ಪಂದದಿಂದ ಬಂದದ್ದೋ, ಅನಿವಾರ್ಯತೆಯಿಂದ ಬಂದದ್ದೋ, 20 ವರ್ಷಗಳ ನಿರಂತರ ಅನುಭೋಗದಿಂದ ಬಂದದ್ದೋ ಎಂಬುದನ್ನು ವಾದಪತ್ರದಲ್ಲಿ ಬಿಡಿಸಿ ಹೇಳಬೇಕು. ವಾದಪತ್ರದಲ್ಲಿ ಸುರಂಗದ ಪ್ರಸ್ತಾಪವೇ ಇಲ್ಲ. ವರ್ಷಗಳ ಬಳಿಕ ಸಾಕ್ಷಿಕಟ್ಟೆಗೆ ಬಂದ ವಾದಿ ಪಾಟೀಸವಾಲಿನಲ್ಲಿ, ‘ನೀರು ಸುರಂಗದ್ದು, ಸುರಂಗ ಅವರ ಜಾಗದಲ್ಲಿ’ ಎಂದು ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಎದುರು ವಕೀಲರಿಗೆ ಅಷ್ಟು ಸಾಕು. ವಾದದಲ್ಲಿ ಇಲ್ಲದ ಸಂಗತಿಗೆ ಕೊಟ್ಟ ಸಾಕ್ಷ್ಯವನ್ನು ನೋಡುವಂತಿಲ್ಲ ಎಂಬುದು ನೆಲೆಗೊಂಡ ತತ್ವ. ಆಗ ತಿದ್ದುಪಡಿ ಅರ್ಜಿ ಬರುತ್ತದೆ; ಪಾಲುಪಟ್ಟಿ ಮೊದಲ ದಿನದಿಂದಲೂ ನಿಮ್ಮ ಕೈಯಲ್ಲೇ ಇತ್ತು, ನೀವೇ ಹಾಜರುಪಡಿಸಿದ್ದೀರಿ, ಆದ್ದರಿಂದ ಜಾಗರೂಕತೆ ವಹಿಸಿಲ್ಲ ಎಂಬ ಆಕ್ಷೇಪವೂ ಬರುತ್ತದೆ. ಆಕ್ಷೇಪದಲ್ಲಿ ಸುಳ್ಳೇನೂ ಇಲ್ಲ. ಪಾಲುಪಟ್ಟಿಯಲ್ಲಿ ಏನಿದೆ ಎಂಬುದು ವಾದಿಗೆ ಬಾಯಿಪಾಠವಾಗಿ ಗೊತ್ತಿತ್ತು. ಅದು ವಾದಪತ್ರದಲ್ಲಿ ಇಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ.

ಇನ್ನೊಂದು ಬಗೆ ಇದಕ್ಕಿಂತಲೂ ಸಾಮಾನ್ಯವಾದದ್ದು, ಮತ್ತು ಹೆಚ್ಚು ನಷ್ಟದ್ದು. ವಾದಿ ಬರೀ ನಿರ್ಬಂಧಕಾಜ್ಞೆ ಕೇಳಿ ದಾವೆ ಹೂಡುತ್ತಾನೆ. ಪ್ರತಿವಾದಿ ತನ್ನ ಲಿಖಿತ ಹೇಳಿಕೆಯಲ್ಲಿ, ಸಂಹಿತೆ ಹೇಳುವ 30 ದಿನಗಳಲ್ಲೋ ವಿಸ್ತರಿಸಿದ 90 ದಿನಗಳ ಒಳಗೋ, ವಾದಿಗೆ ಆ ಜಾಗದ ಮೇಲೆ ಹಕ್ಕೇ ಇಲ್ಲ ಎಂದು ಬರೆಯುತ್ತಾನೆ. ಹಕ್ಕಿನ ಮೇಲೆ ಹೀಗೆ ಮಬ್ಬು ಕವಿದಾಗ ಬರೀ ನಿರ್ಬಂಧಕಾಜ್ಞೆಯ ದಾವೆ ನಿಲ್ಲದು, ಹಕ್ಕಿನ ಘೋಷಣೆಯನ್ನೂ ಕೇಳಬೇಕು ಎಂದು 2008ರಲ್ಲಿ ಅನತುಲ ಸುಧಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದೆ. ಅಂದರೆ ಲಿಖಿತ ಹೇಳಿಕೆ ಕೈಗೆ ಬಂದ ಆ ವಾರವೇ ತಿದ್ದುಪಡಿ ಅರ್ಜಿಗೆ ತಕ್ಕ ಹೊತ್ತು. ಆಗ ವಿಚಾರಣೆ ಆರಂಭವಾಗಿರುವುದಿಲ್ಲ, 2002ರ ಷರತ್ತು ಅಡ್ಡ ಬರುವುದಿಲ್ಲ. ಆದರೆ ಎದುರಿನವರು ತನ್ನ ಹಕ್ಕನ್ನೇ ಅಲ್ಲಗಳೆದಿದ್ದಾರೆ ಎಂಬುದು ವಾದಿಗೆ ತಿಳಿಯುವುದು, ಅಷ್ಟು ವರ್ಷಗಳಾದ ಮೇಲೆ, ಪಾಟೀಸವಾಲಿನ ಪ್ರಶ್ನೆಯೊಂದನ್ನು ದುಭಾಷಿ ಕನ್ನಡಕ್ಕೆ ತಿರುಗಿಸಿದಾಗ. ಅಷ್ಟರಲ್ಲಿ ಘೋಷಣೆಯ ದಾವೆಗೆ 1963ರ ಕಾಲಮಿತಿ ಕಾಯ್ದೆಯ 58ನೇ ಅನುಚ್ಛೇದ ಕೊಡುವ 3 ವರ್ಷಗಳು ಕಳೆದಿರುತ್ತವೆ. ಜಾಗರೂಕತೆಯ ಪ್ರಶ್ನೆಯ ಜೊತೆಗೆ ಕಾಲಮಿತಿಯ ತಕರಾರೂ ಸೇರಿಕೊಳ್ಳುತ್ತದೆ.

ಮರುಸರ್ವೆಯ ನಂಬ್ರಗಳು ಹಳೆಯ ನಂಬ್ರಗಳಿಗೆ ಹೊಂದದೆ, ಎಕರೆ ಸೆಂಟ್ಸುಗಳು ಹೆಕ್ಟೇರ್ ಆರ್‌ಗಳಾಗಿ, ಸ್ಥಳ ನೋಡಲು ನ್ಯಾಯಾಲಯ ನೇಮಿಸಿದ ಕಮಿಷನರ ನಕ್ಷೆ ಬಂದ ಬಳಿಕ ಷೆಡ್ಯೂಲನ್ನೇ ತಿದ್ದಬೇಕಾಗಿ ಬರುವ ದಾವೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವು ಕೇರಳದ ಎಲ್ಲ ಜಿಲ್ಲೆಗಳಲ್ಲೂ ಇವೆ, ನ್ಯಾಯಾಲಯಗಳು ಅವುಗಳನ್ನು ಸಾಮಾನ್ಯವಾಗಿ ಉದಾರವಾಗಿಯೇ ನೋಡುತ್ತವೆ. ನಮ್ಮ ಜಿಲ್ಲೆಗೆ ವಿಶೇಷವಾದದ್ದು ಕುಮ್ಕಿ. ವರ್ಗ ಜಾಗದ (ತೀರ್ವೆ ಕಟ್ಟುವ ಸ್ವಂತ ಜಾಗದ) ಒತ್ತಿನಲ್ಲಿ 100 ಗಜದ ವರೆಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ ತರುವ, ದನ ಮೇಯಿಸುವ ಈ ಸವಲತ್ತು ದಕ್ಷಿಣ ಕನ್ನಡದ ಹಳೆಯ ವ್ಯವಸ್ಥೆಯದ್ದು. ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬರುವ ನ್ಯಾಯಾಧೀಶರಿಗೂ ಹೊಸ ತಲೆಮಾರಿನ ವಕೀಲರಿಗೂ ಅದರ ಪರಿಚಯ ಇರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ವಾದಪತ್ರದಲ್ಲಿ ಅದು ಒಮ್ಮೆ ಸ್ವಂತ ಜಾಗವೆಂದೂ ಇನ್ನೊಮ್ಮೆ ಬರೀ ಪೊರಂಬೋಕು (ಸರಕಾರಿ ಜಾಗ) ಎಂದೂ ಬಂದುಬಿಡುತ್ತದೆ. ಎರಡನೆಯದಾದರೆ ಅದು ವಾದಿಯೇ ಒಪ್ಪಿಕೊಂಡ ಮಾತಾಗಿ ಅವನ ಕೊರಳಿಗೇ ಸುತ್ತಿಕೊಳ್ಳುತ್ತದೆ. ಒಮ್ಮೆ ಒಪ್ಪಿದ್ದನ್ನು ತಿದ್ದುಪಡಿಯ ಮೂಲಕ ಹಿಂತೆಗೆದುಕೊಂಡು ಎದುರು ಪಕ್ಷಕ್ಕೆ ಸಿಕ್ಕಿದ ಲಾಭವನ್ನು ಕಸಿಯಲಾಗದು ಎಂದು ಸುಪ್ರೀಂ ಕೋರ್ಟ್ 1976ರಷ್ಟು ಹಿಂದೆಯೇ ಮೋದಿ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಹೇಳಿರುವುದರಿಂದ ಅಲ್ಲಿಂದ ಬಿಡಿಸಿಕೊಳ್ಳುವುದು ಕಷ್ಟ.

ಈಗ ಕಾನೂನು ಈ ಕಕ್ಷಿದಾರನಿಗೆ ಏನು ರಕ್ಷಣೆ ಕೊಟ್ಟಿದೆ ಎಂದು ನೋಡೋಣ. ಸಂಹಿತೆಯ ಆದೇಶ 18, ನಿಯಮ 6ರ ಪ್ರಕಾರ ಸಾಕ್ಷಿ ಆಡಿದ ಭಾಷೆ ಒಂದು, ಬರೆದುಕೊಂಡ ಭಾಷೆ ಇನ್ನೊಂದು ಆಗಿದ್ದು, ಬರೆದುಕೊಂಡ ಭಾಷೆ ಸಾಕ್ಷಿಗೆ ಅರ್ಥವಾಗದಿದ್ದರೆ, ಬರೆದದ್ದನ್ನು ಅವನು ಆಡಿದ ಭಾಷೆಯಲ್ಲೇ ಅವನಿಗೆ ವಿವರಿಸಿ ಹೇಳತಕ್ಕದ್ದು. ಎಷ್ಟು ನ್ಯಾಯವಾದ ನಿಯಮ! ಆದರೆ ಇದು ಸಾಕ್ಷಿಗೆ ಮಾತ್ರ. ಅದೇ ಮನುಷ್ಯ ವಾದಿಯಾಗಿ ಸಹಿ ಮಾಡಿದ ವಾದಪತ್ರಕ್ಕೆ ಇಂತಹ ನಿಯಮವಿಲ್ಲ. 137ನೇ ಕಲಮಿನ 3ನೇ ಉಪಕಲಮು ಇಂಗ್ಲಿಷ್ ತಿಳಿಯದ ಕಕ್ಷಿದಾರ ಕೇಳಿದರೆ ಭಾಷಾಂತರ ಕೊಡಬೇಕು ಎನ್ನುತ್ತದೆ. ಆದರೆ ಭಾಷಾಂತರ ನ್ಯಾಯಾಲಯದ ಭಾಷೆಗೆ. ಇಂಗ್ಲಿಷ್ ಬಿಟ್ಟರೆ ನ್ಯಾಯಾಲಯದ ಭಾಷೆ ಇಲ್ಲಿ ಮಲಯಾಳ. ಮಲಯಾಳ ಓದಲು ಬಾರದವನಿಗೆ ಇಂಗ್ಲಿಷಿನ ಬದಲು ಮಲಯಾಳದ ಪ್ರತಿ ಸಿಕ್ಕಿದರೆ ಅವನ ಸ್ಥಿತಿಯಲ್ಲಿ ವ್ಯತ್ಯಾಸವೇನೂ ಆಗದು. ಕುಂದುಕೊರತೆಯ ಮನವಿಯನ್ನು ತನ್ನ ಭಾಷೆಯಲ್ಲಿ ಸಲ್ಲಿಸಲು ಸಂವಿಧಾನದ 350ನೇ ವಿಧಿ ಅವಕಾಶ ಕೊಟ್ಟಿದೆ. ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು 1969ರ ಕೇರಳ ರಾಜಭಾಷಾ ಕಾಯ್ದೆಯೂ ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟಿದೆ. ಹೀಗಾಗಿ ತಹಶೀಲ್ದಾರರಿಗೆ ಕನ್ನಡದಲ್ಲಿ ಅರ್ಜಿ ಬರೆಯಬಲ್ಲ ವ್ಯಕ್ತಿ, ತನ್ನ ಇಡೀ ಆಸ್ತಿಯ ಅಳಿವು ಉಳಿವು ನಿಂತಿರುವ ಕಾಗದವನ್ನು ಮಾತ್ರ ಓದಲಾರ.

ನಾನು ಹೊಸ ಕಾನೂನು ಕೇಳುತ್ತಿಲ್ಲ. ನ್ಯಾಯಾಲಯದ ಭಾಷೆಯನ್ನು ಬದಲಿಸಿ ಎಂದೂ ಕೇಳುತ್ತಿಲ್ಲ. ಅದು ಬೇರೆ ಹೋರಾಟ, ಅದರ ಜಾಗ ಬೇರೆ. ಸಂಹಿತೆಯಲ್ಲೇ ಇದ್ದು, ಬಳಕೆಯಲ್ಲಿ ಮಾತ್ರ ಸೊರಗಿಹೋಗಿರುವ ಆದೇಶ 10ರ ಕಡೆಗೆ ತಮ್ಮ ಗಮನ ಸೆಳೆಯುತ್ತಿದ್ದೇನೆ. ಅದರ 1ನೇ ನಿಯಮದ ಪ್ರಕಾರ ಮೊದಲ ವಿಚಾರಣೆಯ ದಿನ, ಅಂದರೆ ಸಾಕ್ಷ್ಯದ ಹಂತಕ್ಕೆ ಮೊದಲು ದಾವೆಯನ್ನು ಕೈಗೆತ್ತಿಕೊಳ್ಳುವ ದಿನ, ಎದುರು ಪಕ್ಷ ಹೇಳಿದ ಸಂಗತಿಗಳಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಅಲ್ಲಗಳೆಯುತ್ತೀರಿ ಎಂದು ನ್ಯಾಯಾಲಯ ಖಚಿತಪಡಿಸಿಕೊಳ್ಳಬೇಕು. 2ನೇ ನಿಯಮದ ಪ್ರಕಾರ ವಿವಾದದ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳುವುದಕ್ಕಾಗಿ ಹಾಜರಿರುವ ಕಕ್ಷಿದಾರರನ್ನು ಮೌಖಿಕವಾಗಿ ಪ್ರಶ್ನಿಸಬೇಕು. 3ನೇ ನಿಯಮದ ಪ್ರಕಾರ ಅದರ ಸಾರಾಂಶವನ್ನು ನ್ಯಾಯಾಧೀಶರು ಬರೆದಿಡಬೇಕು. ಇದು ಸಾಕ್ಷ್ಯವೂ ಅಲ್ಲ, ಪಾಟೀಸವಾಲೂ ಅಲ್ಲ, ಗೊಂದಲ ನಿವಾರಣೆಗೆ ಮಾತ್ರ ಎಂದು 2010ರಲ್ಲಿ ಕಪಿಲ್ ಕೋರ್‌ಪ್ಯಾಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಈ ಹಂತ ಬರುವುದು ಲಿಖಿತ ಹೇಳಿಕೆ ಬಂದ ಮೇಲೆ, ಆದೇಶ 14ರಂತೆ ವಿವಾದಾಂಶಗಳನ್ನು (ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು) ರಚಿಸುವ ಮೊದಲು. ತಿದ್ದುಪಡಿಗೆ 2002ರ ಷರತ್ತು ತಾಗದ ಕೊನೆಯ ನಿಲ್ದಾಣವೂ ಬಹುಮಟ್ಟಿಗೆ ಇದೇ.

ನಡೆಯುವ ರೀತಿ ಈಗ ಹೇಗಿದೆ ಎಂದರೆ, ಆ ದಿನ ಕಕ್ಷಿದಾರ ಬರುವುದೇ ಇಲ್ಲ. ಬಂದರೂ ಹೊರಗಿನ ಬೆಂಚಿನಲ್ಲಿ ಕೂತಿರುತ್ತಾನೆ. ವಕೀಲರು ಕರಡು ವಿವಾದಾಂಶಗಳನ್ನು ಕೊಡುತ್ತಾರೆ, ಪ್ರಕರಣ ಪಟ್ಟಿಗೆ ಸೇರುತ್ತದೆ. ಅದರ ಬದಲು, ಕನ್ನಡ ಮಾತ್ರ ಓದಬಲ್ಲೆನೆಂದು ತಿಳಿಸಿದ ಕಕ್ಷಿದಾರನನ್ನು ಆ ದಿನ ಹಾಜರಿರುವಂತೆ ಸೂಚಿಸಿ, ವಾದಪತ್ರದ ಷೆಡ್ಯೂಲು, ಕೇಳಿರುವ ಪರಿಹಾರ, ಎದುರು ಪಕ್ಷ ಅಲ್ಲಗಳೆದಿರುವ ಮುಖ್ಯ ಸಂಗತಿಗಳು, ಈ ಮೂರನ್ನು ದುಭಾಷಿಯ ಮೂಲಕ ಕನ್ನಡದಲ್ಲಿ ಓದಿ ಹೇಳಿಸಿ, ‘ನಿಮ್ಮ ತಕರಾರು ಇದೇ ಹೌದೇ? ಬಿಟ್ಟುಹೋದದ್ದು ಇದೆಯೇ?’ ಎಂದು ಕೇಳುವಂತಾಗಬೇಕು. ಸುರಂಗದ ಮಾತು ಆ ಕ್ಷಣವೇ ಹೊರಬೀಳುತ್ತದೆ. ವಕೀಲರು ಅಲ್ಲೇ ವಾಯಿದೆ ಕೇಳಿ ತಿದ್ದುಪಡಿ ಅರ್ಜಿ ಹಾಕಿದರೆ, ಅನುಮತಿ ಸಿಕ್ಕಿದ ಮೇಲೆ ಆದೇಶದಲ್ಲಿ ಹೇಳಿದ ಗಡುವಿನೊಳಗೆ, ಗಡುವು ಹೇಳಿರದಿದ್ದರೆ 18ನೇ ನಿಯಮದಂತೆ 14 ದಿನಗಳ ಒಳಗೆ, ತಿದ್ದಿದ ವಾದಪತ್ರ ಸಲ್ಲುತ್ತದೆ. ಎದುರಿನವರು ಹೆಚ್ಚುವರಿ ಲಿಖಿತ ಹೇಳಿಕೆ ಕೊಡುತ್ತಾರೆ. ವಿವಾದಾಂಶಗಳು ನಿಜವಾದ ವಿವಾದದ ಮೇಲೆಯೇ ನಿಲ್ಲುತ್ತವೆ.

ಇದಕ್ಕೆ ಸಮಯ ಎಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ತಡವಾಗಿ ಬಂದ ಒಂದು ತಿದ್ದುಪಡಿ ಅರ್ಜಿ ಎಷ್ಟು ಹೊತ್ತು ನುಂಗುತ್ತದೆ ಎಂಬುದನ್ನು ಎದುರಿಗಿಟ್ಟುಕೊಂಡು ಉತ್ತರಿಸಬೇಕು. ಅರ್ಜಿ, ಆಕ್ಷೇಪ, ವಾದ, ಆದೇಶ, ಆದೇಶ ಒಪ್ಪಿಗೆಯಾಗದವರು ಸಂವಿಧಾನದ 227ನೇ ವಿಧಿಯ ಕೆಳಗೆ ಎರ್ನಾಕುಳದ ಹೈಕೋರ್ಟಿಗೆ, ಅಲ್ಲಿಂದ ತಡೆಯಾಜ್ಞೆ, ಅಷ್ಟರ ತನಕ ಇಲ್ಲಿ ಮೂಲ ದಾವೆ ಮಲಗಿರುತ್ತದೆ. ಮೊದಲ ವಿಚಾರಣೆಯ ದಿನ ಕಳೆಯುವ ಅರ್ಧ ಗಂಟೆ ಇದಕ್ಕಿಂತ ದುಬಾರಿಯಾಗದು. ಕಕ್ಷಿದಾರ ನ್ಯಾಯಾಲಯದ ಎದುರು ಏನಾದರೂ ಒಪ್ಪಿಕೊಂಡುಬಿಟ್ಟರೆ ಏನು ಗತಿ ಎಂಬ ಹೆದರಿಕೆ ವಕೀಲರದ್ದು. ನಿಜ ಹೇಳುವುದರಿಂದ ಸೋಲುವ ದಾವೆಯಾದರೆ ಅದು ಮೊದಲ ದಿನವೇ ತಿಳಿಯುವುದು ಕಕ್ಷಿದಾರನ ಜೇಬಿಗೂ ಒಳ್ಳೆಯದೆಂದು ಮಾತ್ರ ಹೇಳಬಲ್ಲೆ. ವಕೀಲರ ಗುಮಾಸ್ತನಾಗಿದ್ದವನ ಬಾಯಲ್ಲಿ ಈ ಮಾತು ಅಷ್ಟು ಒಪ್ಪದು ಎಂಬ ಅರಿವು ನನಗಿದೆ.

ಈ ವ್ಯವಸ್ಥೆ ಬಂದ ಬಳಿಕವೂ, ಬರುವ ಮೊದಲು ಹೂಡಿದ ದಾವೆಗಳಲ್ಲೂ, ತಡವಾದ ಅರ್ಜಿಗಳು ಇದ್ದೇ ಇರುತ್ತವೆ. ಅಲ್ಲಿ ವಕೀಲ ಬಂಧುಗಳಲ್ಲಿ ನನ್ನ ಒಂದು ವಿನಂತಿ ಇದೆ. ತಿದ್ದುಪಡಿ ಅರ್ಜಿಯ ಜೊತೆಗಿನ ಪ್ರಮಾಣಪತ್ರದಲ್ಲಿ ‘ಕಣ್ತಪ್ಪಿನಿಂದ ಬಿಟ್ಟುಹೋಗಿದೆ’ ಎಂಬ ಒಂದೇ ಸಾಲು ಬರೆಯುವ ಅಭ್ಯಾಸ ಎಷ್ಟೋ ಒಳ್ಳೆಯ ಅರ್ಜಿಗಳನ್ನು ಕೊಂದಿದೆ. 2002ರ ಷರತ್ತು ಕೇಳುವುದು ಕಾರಣವನ್ನು. ಕಕ್ಷಿದಾರನಿಗೆ ಯಾವ ಭಾಷೆ ಓದಲು ಬರುತ್ತದೆ, ಮೂಲ ಆಧಾರ ಯಾವ ಭಾಷೆಯದ್ದು, ಅದನ್ನು ಯಾರು ಭಾಷಾಂತರಿಸಿದರು, ವಾದಪತ್ರವನ್ನು ಅವನಿಗೆ ಓದಿ ಹೇಳಲಾಗಿತ್ತೇ, ಕೊರತೆ ಯಾವ ದಿನ ಹೇಗೆ ಬೆಳಕಿಗೆ ಬಂತು ಎಂಬುದನ್ನು ಬಿಡಿಸಿ ಬರೆಯಿರಿ. ಸೇರಿಸಬೇಕಾದ ಕಂಡಿಕೆಯನ್ನು ಯಾವ ಕಂಡಿಕೆಯ ಬಳಿಕ, ಯಾವ ಮಾತುಗಳಲ್ಲಿ ಎಂದು ನಿಖರವಾಗಿ ಹೇಳಿ. ಹೊಸ ಸಂಗತಿ ವಾದಪತ್ರಕ್ಕೆ ಹೊಸದೇ ಹೊರತು ದಾವೆಗೆ ಹೊಸದಲ್ಲ, ಅದು ಲಗತ್ತಿಸಿದ ಕನ್ನಡ ಆಧಾರದಲ್ಲೇ ಇದೆ ಎಂದು ಪುಟ ಸಮೇತ ತೋರಿಸಿ. ಇಷ್ಟು ಮಾಡಿದ ಅರ್ಜಿಯನ್ನು ಕಣ್ಣು ಮುಚ್ಚಿ ತಳ್ಳಿಹಾಕುವುದು ಯಾವ ನ್ಯಾಯಾಧೀಶರಿಗೂ ಸುಲಭವಲ್ಲ.

ಮೇಲಿನ ನ್ಯಾಯಾಲಯಗಳ ಒಲವೂ ಇದಕ್ಕೆ ವಿರುದ್ಧವಾಗಿಲ್ಲ. 2009ರ ರೇವಜೀತು ಬಿಲ್ಡರ್ಸ್ ತೀರ್ಪು, ತಿದ್ದುಪಡಿ ಅಗತ್ಯವೇ, ಸದುದ್ದೇಶದ್ದೇ, ಎದುರು ಪಕ್ಷಕ್ಕೆ ಹಣದಿಂದ ತುಂಬಿಕೊಡಲಾಗದ ಹಾನಿ ಆಗುತ್ತದೆಯೇ, ದಾವೆಯ ಸ್ವರೂಪವೇ ಬದಲಾಗುತ್ತದೆಯೇ, ಕಾಲಮಿತಿ ಮೀರಿದೆಯೇ ಎಂಬುದನ್ನೆಲ್ಲ ತೂಗಿ ನೋಡಲು ಹೇಳಿದೆ. 2022ರಲ್ಲಿ ಜೀವ ವಿಮಾ ನಿಗಮ ಮತ್ತು ಸಂಜೀವ ಬಿಲ್ಡರ್ಸ್ ನಡುವಿನ ಪ್ರಕರಣದಲ್ಲಿ, ವಿಳಂಬವೊಂದನ್ನೇ ಕಾರಣವಾಗಿಸಿ ತಿದ್ದುಪಡಿಯನ್ನು ನಿರಾಕರಿಸಬಾರದೆಂದೂ, ಕಾಲಮಿತಿಯ ಪ್ರಶ್ನೆ ವಾದಕ್ಕೆ ಎಡೆಯುಳ್ಳದ್ದಾದರೆ ತಿದ್ದುಪಡಿಯನ್ನು ಒಪ್ಪಿ ಅದನ್ನು ಪ್ರತ್ಯೇಕ ವಿವಾದಾಂಶವಾಗಿ ತೀರ್ಮಾನಿಸಬಹುದೆಂದೂ ಸುಪ್ರೀಂ ಕೋರ್ಟ್ ಹೇಳಿತು. ಅದು 1986ರ ದಾವೆ, ತಿದ್ದುಪಡಿ ಕೇಳಿದ್ದು 2017ರಲ್ಲಿ. ಹಳೆಯ ದಾವೆಯಾದ್ದರಿಂದ 2002ರ ಷರತ್ತು ಅದಕ್ಕೆ ಅನ್ವಯಿಸಲಿಲ್ಲ ಎಂಬುದನ್ನು ಮರೆಯಬಾರದು. ನಮ್ಮ ಕಕ್ಷಿದಾರರು ಆ ಅನುಕೂಲವನ್ನು ನಿರೀಕ್ಷಿಸುವಂತಿಲ್ಲ. ಅವರಿಗೆ ಇರುವುದು ಜಾಗರೂಕತೆಯನ್ನು ತೋರಿಸುವ ದಾರಿಯೊಂದೇ. ಒಬ್ಬ ವ್ಯಕ್ತಿ ಜಾಗರೂಕನಾಗಿದ್ದನೇ ಎಂಬುದನ್ನು ಅವನಿಗೆ ಓದಲು ಬಾರದ ಕಾಗದದಿಂದ ಅಳೆಯುವಾಗ, ಓದಲು ಬರುತ್ತಿರಲಿಲ್ಲ ಎಂಬ ಸಂಗತಿಯನ್ನೂ ತಕ್ಕಡಿಗೆ ಹಾಕಬೇಕೆಂದು ವಿನಯಪೂರ್ವಕ ಕೇಳಿಕೊಳ್ಳುತ್ತೇನೆ. ಭಾಷೆ ಬಾರದೆಂಬ ನೆಪ ಹೇಳಿ ಯಾರೂ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಲು ನ್ಯಾಯಾಲಯಕ್ಕೆ ಪ್ರಮಾಣಪತ್ರವೂ ಇದೆ, ಖರ್ಚು ವಿಧಿಸುವ ಅಧಿಕಾರವೂ ಇದೆ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಆಗಬೇಕಾದ ಕೆಲಸ ಎರಡು. ಹಳೆಯ ಕನ್ನಡ ಆಧಾರಗಳ ಕೈಬರಹವನ್ನು ಓದಬಲ್ಲ, ವರ್ಗ, ಕುಮ್ಕಿ, ಮೂಲಗೇಣಿ, ಚಾಲಗೇಣಿ (ವರ್ಷಾವಧಿ ಗೇಣಿ)ಗಳ ವ್ಯತ್ಯಾಸ ತಿಳಿದಿರುವ, ಇಂಗ್ಲಿಷಿಗೋ ಮಲಯಾಳಕ್ಕೋ ತಪ್ಪಿಲ್ಲದೆ ತಿರುಗಿಸಬಲ್ಲವರ ಪಟ್ಟಿಯೊಂದನ್ನು ತಯಾರಿಸಿ ನ್ಯಾಯಾಲಯಗಳಿಗೂ ವಕೀಲರ ಸಂಘಗಳಿಗೂ ಕೊಡಬೇಕು. ದಾಖಲೆ ಬರಹಗಾರರಾಗಿ, ಗ್ರಾಮ ಕಚೇರಿಗಳಲ್ಲಿ, ಶಾಲೆಗಳಲ್ಲಿ ದುಡಿದು ನಿವೃತ್ತರಾದ ಇಂತಹವರು ಇನ್ನೂ ನಮ್ಮ ನಡುವೆ ಇದ್ದಾರೆ. ಆದರೆ ಅವರ ಸಂಖ್ಯೆ ವರ್ಷ ವರ್ಷ ಕಡಿಮೆಯಾಗುತ್ತಿದೆ. ಎರಡನೆಯದಾಗಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಉಚಿತ ನೆರವಿಗೆ ಅರ್ಹರಾದ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡಗಳವರು ಮುಂತಾದವರ ದಾವೆಗಳಲ್ಲಿ, ವಾದಪತ್ರಕ್ಕೆ ಸಹಿ ಹಾಕಿಸುವ ಮೊದಲು ಅದನ್ನು ಪೂರ್ತಿಯಾಗಿ ಕನ್ನಡದಲ್ಲಿ ಓದಿ ಹೇಳಿದ್ದೇನೆಂದು ಓದಿದವರೇ ಬರೆದು ಸಹಿ ಮಾಡುವ ಕ್ರಮವನ್ನು ತರಬೇಕು. ನೆರವು ಪಡೆಯದವರೂ ಅದನ್ನು ನೋಡಿ ತಮ್ಮ ವಕೀಲರಲ್ಲಿ ಕೇಳುವಂತಾಗುತ್ತದೆ.

ಈ ಸಾಲುಗಳನ್ನು ಓದುತ್ತಿರುವ ಕಕ್ಷಿದಾರರೂ ಕೇಳಲು ಹಿಂಜರಿಯಬಾರದು. ವಕೀಲರಿಗೆ ಸಿಟ್ಟು ಬರಬಹುದು ಎಂದು ಸುಮ್ಮನಿರುವುದು ನಮ್ಮ ಕಡೆಯ ದಾಕ್ಷಿಣ್ಯ. ಷೆಡ್ಯೂಲನ್ನು ಮೂಲ ಆಧಾರದ ಜೊತೆ ಎದುರೆದುರು ಇಟ್ಟು ಓದಿಸಿಕೊಳ್ಳಿ. ಎದುರಿನವರ ಲಿಖಿತ ಹೇಳಿಕೆಯ ಪ್ರತಿ ಬಂದ ದಿನವೇ ಅದರ ಅರ್ಥವನ್ನು ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಇಂಗ್ಲಿಷ್ ಓದಿದ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ.

ಮೇಲೆ ಹೇಳಿದ ಪಟ್ಟಿಯನ್ನು ತಯಾರಿಸಲು ಪ್ರಾಧಿಕಾರ ಮನಸ್ಸು ಮಾಡುವುದಾದರೆ, ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ನನಗೆ ಪರಿಚಯವಿರುವ ಹಿರಿಯರನ್ನು ಕಂಡು, ಒಪ್ಪಿದವರ ವಿವರಗಳನ್ನು ಕಚೇರಿಗೆ ತಲುಪಿಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಓದಿ ಹೇಳುವ ಕೆಲಸಕ್ಕೆ ನನ್ನನ್ನು ಕರೆದರೂ ಬರುತ್ತೇನೆ. ಅದಕ್ಕೆ ಪ್ರತಿಫಲ ಬೇಕಾಗಿಲ್ಲ.

ಇತಿ ತಮ್ಮ ವಿಧೇಯ,
ನಿವೃತ್ತ ವಕೀಲ ಗುಮಾಸ್ತ
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ